ಬೀಗದ ಕೈ ಯಾರ ಕೈಯಲ್ಲಿ?

ಕೆಲವು ತಿಂಗಳ ಹಿಂದೆ ಒಂದು ಮಧ್ಯಾಹ್ನ ತರಗತಿ ಮುಗಿಸಿಕೊಂಡು ಬಂದು ವಿಭಾಗದ ಕೊಠಡಿಯಲ್ಲಿ ಕುಳಿತಿದ್ದೆ. ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಮಡಿಸಿದ ಕಾಗದಗಳಿದ್ದುವು. ಹಳಗನ್ನಡದ ಪದ್ಯವೇನನ್ನಾದರೂ ಬಿಡಿಸಿಕೊಳ್ಳಲು ಬಂದಿರಬೇಕೆಂದುಕೊಂಡೆ. "ಸರ್, ಇದು ಕನ್ನಡದಲ್ಲಿಯೇ ಇದೆ. ಆದರೆ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಅರ್ಥವಾಗುತ್ತಿಲ್ಲ. ತಾವು ಓದಿ ಹೇಳಬೇಕು" ಎಂದಳು. ಬಿಚ್ಚಿ ನೋಡಿದರೆ ಅದು ಪದ್ಯವಾಗಿರಲಿಲ್ಲ. ಸ್ಟಾಂಪು ಕಾಗದದ ಮೇಲೆ ಅಚ್ಚಾದ ಎರಡು ಕರಾರುಗಳು.

ಮೊದಲನೆಯದು ಬೆಂಗಳೂರಿನ ಒಂದು ಮನೆಯ ಮಾಲೀಕರಿಗೂ ಒಬ್ಬ ಮಧ್ಯವರ್ತಿಗೂ ಆದದ್ದು: ತಿಂಗಳಿಗೆ 18,000 ರೂಪಾಯಿ ಬಾಡಿಗೆ, ಹನ್ನೊಂದು ತಿಂಗಳ ಅವಧಿ. ಎರಡನೆಯದು ಆ ಮಧ್ಯವರ್ತಿಗೂ ಈ ಹುಡುಗಿಯ ತಂದೆಗೂ ಆದದ್ದು: ಅದೇ ಮನೆ, 8 ಲಕ್ಷ ರೂಪಾಯಿಗೆ ಮೂರು ವರ್ಷದ ಭೋಗ್ಯ. ತಂದೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕೊಟ್ಟದ್ದು ಗ್ರಾಚುಯಿಟಿಯ ಹಣ. ಮಧ್ಯವರ್ತಿಯು ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆಯನ್ನು ಸಲ್ಲಿಸಿ, ಅನಂತರ ಕಾಣೆಯಾದ. ಒಂದು ಬೆಳಿಗ್ಗೆ ಮಾಲೀಕರು ಬಂದು ಬಾಗಿಲು ತಟ್ಟಿ, "ನೀವು ಯಾರು?" ಎಂದು ಕೇಳಿದರು. ತಾನು ಸಂಸಾರ ಹೂಡಿರುವ ಮನೆಯ ಹೊಸ್ತಿಲಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬಂದ ಗೃಹಸ್ಥನ ಮನಸ್ಸು ಹೇಗಾಗಿರಬೇಕು! ಮಾಲೀಕರೂ ಕೆಟ್ಟವರಲ್ಲ. ಸಾಲ ಮಾಡಿ ಕಟ್ಟಿಸಿದ ಮನೆ. ಬರುವ ಬಾಡಿಗೆಯಿಂದಲೇ ಬ್ಯಾಂಕಿನ ಕಂತು ತೀರಬೇಕು.

ಮೊದಲನೆಯ ಕರಾರಿನ ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಬಾಡಿಗೆದಾರರು ಸದರಿ ಸ್ವತ್ತನ್ನು ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡತಕ್ಕದ್ದಲ್ಲ, ಪರಭಾರೆ ಮಾಡತಕ್ಕದ್ದಲ್ಲ. ಹುಡುಗಿಯ ಕುಟುಂಬದ ಭವಿಷ್ಯವನ್ನು ತೂಗಿ ನೋಡುವ ಸಾಲು ಇದೇ. ಆದರೆ ಹಣ ಕೊಡುವಾಗ ಆ ಕುಟುಂಬದವರು ಇದನ್ನು ನೋಡಿರಲಿಲ್ಲ; ಏಕೆಂದರೆ ಅದು ಇನ್ನಿಬ್ಬರ ನಡುವಣ ಕಾಗದದಲ್ಲಿತ್ತು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇಂಥ ದೂರುಗಳು ಮೇಲಿಂದ ಮೇಲೆ ಬಂದಿರುವುದನ್ನು ಪತ್ರಿಕೆಗಳ ವಾಚಕರು ಬಲ್ಲರು. ಆದುದರಿಂದ ಈ ಒಂದು ಸಾಲಿನ ವಿಚಾರವಾಗಿ ಸ್ವಲ್ಪ ಬಿಡಿಸಿ ಬರೆಯುವುದು ಅಪ್ರಸ್ತುತವಾಗಲಾರದೆಂದು ನನ್ನ ನಂಬಿಕೆ. ನಾನು ವಕೀಲನಲ್ಲ, ಕನ್ನಡದ ಅಧ್ಯಾಪಕ. ಆದರೆ ಕಾನೂನು ಕೂಡ ಮಾತಿನಲ್ಲಿಯೇ ಕಟ್ಟಿದ ಮನೆ. ಅದರ ಒಂದು ಬಾಗಿಲಿನಿಂದ ನಾನೂ ಒಳಗೆ ಹೋಗಬಹುದು.

ಮೊದಲಿಗೆ ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ನಾನು ಹಾಸನದಲ್ಲಿ ಬಾಡಿಗೆಯ ಮನೆಯಲ್ಲಿದ್ದಾಗ ನನಗೆ ವರ್ಗವಾಯಿತು. ನನ್ನ ಜಾಗಕ್ಕೆ ಹೊಸದಾಗಿ ಬಂದ ತರುಣ ಅಧ್ಯಾಪಕರೊಬ್ಬರು ಮನೆ ಸಿಗದೆ ಒದ್ದಾಡುತ್ತಿದ್ದರು. ನನ್ನ ಅಡ್ವಾನ್ಸಿನ ಹಣ ಮಾಲೀಕರಲ್ಲಿ ಇನ್ನೂ ಉಳಿದಿತ್ತು. ಆ ತರುಣರಿಂದ ಅಷ್ಟು ಹಣವನ್ನು ಪಡೆದು, ಬೀಗದ ಕೈಯನ್ನು ಅವರ ಕೈಗೆ ಕೊಟ್ಟು, ಸಾಮಾನನ್ನು ಲಾರಿಗೆ ಏರಿಸಿ ನಾನು ಹೊರಟುಬಿಟ್ಟೆ. ಮಾಲೀಕರಿಗೆ ಹೇಳಲಿಲ್ಲ. ಒಂದು ಉಪಕಾರ ಮಾಡಿದೆನೆಂಬ ಸಮಾಧಾನವೇ ಆಗ ನನಗಿತ್ತು. ನಾನು ಮಾಡಿದ್ದು ಏನು, ಅದಕ್ಕೆ ಹೆಸರೇನು ಎಂಬುದು ತಿಳಿಯಲು ಬಹಳ ಕಾಲ ಹಿಡಿಯಿತು. ಏಕೆ ಹೇಳಲಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ.

ಇನ್ನೊಬ್ಬರ ಸ್ವತ್ತನ್ನು ಅನುಭವಿಸುವುದಕ್ಕೆ ನಮ್ಮ ನುಡಿಯಲ್ಲಿರುವಷ್ಟು ಹೆಸರುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಮನೆಗೆ ಬಾಡಿಗೆ, ಹೊಲಕ್ಕೆ ಗೇಣಿ ಅಥವಾ ಗುತ್ತಿಗೆ, ಇಡಿಗಂಟು ಕೊಟ್ಟು ಬಡ್ಡಿಗೆ ಬದಲಾಗಿ ಅನುಭವಿಸುವುದಕ್ಕೆ ಭೋಗ್ಯ. ದಕ್ಷಿಣ ಕನ್ನಡದಲ್ಲಿ ಗೇಣಿಯೊಳಗೇ ಮೂಲಗೇಣಿ, ಚಾಲಗೇಣಿ ಎಂಬ ಭೇದಗಳಿದ್ದುವು. ಮೂಲಗೇಣಿ ಎಂದರೆ ಶಾಶ್ವತವಾದ ಒಕ್ಕಲುತನ. ಮೂಲಗೇಣಿದಾರನು ತನ್ನ ಕೆಳಗೆ ಮತ್ತೊಬ್ಬನನ್ನು ಅದೇ ರೀತಿಯಲ್ಲಿ ಇಟ್ಟರೆ ಅವನು ಒಳಮೂಲಗೇಣಿದಾರ. ರಾಜ್ಯದ ಶಾಸಕಾಂಗವು ಇಂಥವರಿಗೆ ಒಡೆತನವನ್ನೇ ಕೊಡಬೇಕೆಂದು 2011ರಲ್ಲಿ ಕಾಯಿದೆ ಮಾಡಿದಾಗ ಅದರ ಹೆಸರಿನಲ್ಲಿಯೇ ಈ ಎರಡು ಪದಗಳೂ ಸೇರಿಕೊಂಡುವು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಬಾಡಿಗೆಯವನು ತನ್ನ ಹಕ್ಕನ್ನು ಇನ್ನೊಬ್ಬನಿಗೆ ದಾಟಿಸುವುದು ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಕಳ್ಳ ವ್ಯವಹಾರವಲ್ಲ. 'ಒಳ' ಎಂಬ ಎರಡಕ್ಷರದ ಪ್ರತ್ಯಯವು ತಲೆಮಾರುಗಳ ಕಾಲ ಮಾನವಾಗಿಯೇ ನಡೆದುಬಂದಿತ್ತು.

ಕಾನೂನಿನ ಮೂಲಕ್ಕೆ ಹೋದರೂ ಕಾಣುವುದು ಇದೇ. ಸ್ವತ್ತಿನ ವರ್ಗಾವಣೆಗೆ ಸಂಬಂಧಿಸಿದ 1882ರ ಅಧಿನಿಯಮವು ಇಂದಿಗೂ ಜಾರಿಯಲ್ಲಿದೆ. ಅದರ 108ನೆಯ ಕಲಮಿನ ಜೆ ಎಂಬ ಉಪಕಲಮು ಹೇಳುವುದನ್ನು ಕೇಳಿದರೆ ಮಾಲೀಕರು ಬೆಚ್ಚಿಬೀಳಬಹುದು. ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಬೇರೆ ವಿಧವಾಗಿ ಹೇಳದಿದ್ದರೆ, ಬಾಡಿಗೆದಾರನು ತನಗಿರುವ ಹಕ್ಕನ್ನು ಪೂರ್ತಿಯಾಗಿ ವರ್ಗಾಯಿಸಬಹುದು, ಅಡಮಾನ ಮಾಡಬಹುದು, ಒಳಬಾಡಿಗೆಗೆ ಕೊಡಬಹುದು. ಅವನಿಂದ ಪಡೆದವನು ಮತ್ತೊಬ್ಬನಿಗೆ ಕೊಡಬಹುದು. ಅಂದರೆ ಕಾಗದ ಮೌನವಾಗಿದ್ದರೆ ಆ ಮೌನ ಬಾಡಿಗೆದಾರನ ಕಡೆಗಿದೆ. ಆದರೆ ಅದೇ ಉಸಿರಿನಲ್ಲಿ ಕಾನೂನು ಇನ್ನೊಂದು ಮಾತನ್ನೂ ಸೇರಿಸುತ್ತದೆ: ಹೀಗೆ ದಾಟಿಸಿದ ಮಾತ್ರಕ್ಕೆ ಮೊದಲಿನವನು ತನ್ನ ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲ. ಹಕ್ಕನ್ನು ಕೊಡಬಹುದು, ಹೊಣೆಯನ್ನು ಕೊಡವಿಕೊಳ್ಳಲಾಗದು. ಹಾಸನದಿಂದ ಲಾರಿ ಹತ್ತಿದ ದಿನ ನನಗೆ ಈ ಎರಡನೆಯ ಮಾತು ತಿಳಿದಿರಲಿಲ್ಲ.

ಇಲ್ಲಿ ವರ್ಗಾವಣೆಗೂ ಒಳಬಾಡಿಗೆಗೂ ಇರುವ ಭೇದವನ್ನು ಗಮನಿಸಬೇಕು. ಬಾಡಿಗೆದಾರನು ಉಳಿದ ಅವಧಿಯ ಹಕ್ಕನ್ನೆಲ್ಲ ಕೊಟ್ಟು ತಾನು ಹೊರಟುಹೋದರೆ ಅದು ವರ್ಗಾವಣೆ. ಬಂದವನು ಮಾಲೀಕನಿಗೆ ನೇರವಾಗಿ ಎದುರಾಗುತ್ತಾನೆ. ತನ್ನ ಹಕ್ಕಿನ ಒಂದು ಪಾಲನ್ನು ಮಾತ್ರ ಕೊಟ್ಟು, ಕೊಟ್ಟವನಿಗೆ ತಾನೇ ಮಾಲೀಕನಂತೆ ನಿಂತರೆ ಅದು ಒಳಬಾಡಿಗೆ. ಮೊದಲನೆಯದು ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಟ್ಟಂತೆ, ಎರಡನೆಯದು ಸರಿದು ಕುಳಿತು ಜಾಗ ಮಾಡಿಕೊಟ್ಟಂತೆ.

ಹಾಗಾದರೆ 'ಕೊಡತಕ್ಕದ್ದಲ್ಲ' ಎಂಬ ಸಾಲಿಗೆ ಬಲ ಎಲ್ಲಿಂದ ಬಂದಿತು? ಸ್ವತ್ತು ಪಡೆದವನು ಅದನ್ನು ಯಾರಿಗೂ ಕೊಡಲೇ ಕೂಡದೆಂದು ಕಟ್ಟು ಹಾಕಿದರೆ ಸಾಮಾನ್ಯವಾಗಿ ಆ ಕಟ್ಟು ನಿಲ್ಲುವುದಿಲ್ಲ. ಅದೇ ಅಧಿನಿಯಮದ 10ನೆಯ ಕಲಮು ಅದನ್ನು ಶೂನ್ಯವೆನ್ನುತ್ತದೆ. ಆದರೆ ಬಾಡಿಗೆಯ ವಿಷಯದಲ್ಲಿ ಮಾಲೀಕನ ಹಿತಕ್ಕಾಗಿ ಹಾಕಿದ ಕಟ್ಟಿಗೆ ಆ ಕಲಮೇ ವಿನಾಯಿತಿಯನ್ನು ಕೊಟ್ಟಿದೆ. ಹೀಗೆ ಒಂದು ಸಾಲು ಬರೆದುಬಿಟ್ಟರೆ ಮೌನದ ಲಾಭ ಬಾಡಿಗೆದಾರನ ಕೈ ತಪ್ಪುತ್ತದೆ. ಅಷ್ಟಾದರೂ ಸಾಲನ್ನು ಮೀರಿದ ಕ್ಷಣದಲ್ಲಿಯೇ ಬಾಡಿಗೆ ಮುರಿದುಬೀಳುವುದಿಲ್ಲ. ಮೀರಿದರೆ ಮನೆಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ಮಾಲೀಕನಿಗೆ ಉಂಟೆಂದು ಕರಾರಿನಲ್ಲಿ ಬರೆದಿರಬೇಕು. ಮಾಲೀಕನು ಲಿಖಿತ ನೋಟೀಸನ್ನು ಕೊಡಬೇಕು. 111ನೆಯ ಕಲಮು ವಿಧಿಸುವ ಕ್ರಮ ಇದು. ಬಾಡಿಗೆ ತಿಂಗಳಿನಿಂದ ತಿಂಗಳಿಗೆ ನಡೆಯುತ್ತಿರುವುದಾದರೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಹದಿನೈದು ದಿನಗಳ ನೋಟೀಸಿನಿಂದಲೇ ಅದನ್ನು ಕೊನೆಗಾಣಿಸಬಹುದು.

ಇದು ಸಾಮಾನ್ಯ ನ್ಯಾಯ. ಯುದ್ಧದ ಕಾಲದಲ್ಲಿಯೂ ಅನಂತರದಲ್ಲಿಯೂ ಊರುಗಳಲ್ಲಿ ಮನೆಗಳ ಅಭಾವ ಹೆಚ್ಚಾದಾಗ ಬಾಡಿಗೆ ನಿಯಂತ್ರಣದ ಕಾಯಿದೆಗಳು ಬಂದುವು. ಮೈಸೂರಿನಲ್ಲಿ 1951ರ ಕಾಯಿದೆ, ಏಕೀಕರಣವಾದ ಮೇಲೆ 1961ರ ಕಾಯಿದೆ, ಈಗಿರುವುದು 1999ರದು. ಇವು ಬಾಡಿಗೆದಾರನಿಗೆ ದೊಡ್ಡ ರಕ್ಷೆಯನ್ನು ಕೊಟ್ಟುವು: ಕಾನೂನು ಹೇಳಿದ ಕಾರಣವಿಲ್ಲದೆ ಅವನನ್ನು ಎಬ್ಬಿಸುವಂತಿಲ್ಲ, ಬಾಡಿಗೆಯನ್ನು ಮನಬಂದಂತೆ ಏರಿಸುವಂತಿಲ್ಲ. ಆದರೆ ರಕ್ಷೆಗೆ ಒಂದು ಬೆಲೆಯೂ ಇತ್ತು. ಕಡಮೆ ಬಾಡಿಗೆಗೆ ಹಿಡಿದ ಮನೆಯನ್ನು ಹೆಚ್ಚಿನ ಬಾಡಿಗೆಗೆ ಇನ್ನೊಬ್ಬನಿಗೆ ಕೊಟ್ಟು ನಡುವಿನ ಲಾಭವನ್ನು ತಿನ್ನಲು ಬಾಡಿಗೆದಾರನಿಗೆ ಅವಕಾಶವಿದ್ದರೆ, ಬಡವನಿಗಾಗಿ ಮಾಡಿದ ಕಾನೂನಿನಿಂದ ದಳ್ಳಾಳಿ ಬೆಳೆಯುತ್ತಾನೆ. ಆದುದರಿಂದ ಈ ಕಾಯಿದೆಗಳು 1882ರ ನ್ಯಾಯವನ್ನು ತಲೆಕೆಳಗು ಮಾಡಿದುವು. ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಟ್ಟರೆ ಮನೆ ಬಿಡಿಸಲು ಅದೇ ಒಂದು ಕಾರಣ. 1999ರ ಕಾಯಿದೆ ಕೇಳುವುದು ಬರೀ ಒಪ್ಪಿಗೆಯನ್ನಲ್ಲ, ಬರೆದುಕೊಟ್ಟ ಒಪ್ಪಿಗೆಯನ್ನು. ಮೌನವೇ ಸಮ್ಮತಿಯ ಲಕ್ಷಣವೆಂಬ ಗಾದೆ ಮದುವೆಯ ಮನೆಯಲ್ಲಿ ನಡೆದೀತು. ಬಾಡಿಗೆಯ ಮನೆಯಲ್ಲಿ ನಡೆಯುವುದಿಲ್ಲ.

ಈ ತಲೆಕೆಳಗಿನ ಬಲವೆಷ್ಟೆಂಬುದಕ್ಕೆ ಮುಂಬಯಿಯ ಒಂದು ಮೊಕದ್ದಮೆ ನಿದರ್ಶನ. ವಾಮನ ಶ್ರೀನಿವಾಸ ಕಿಣಿ ಎಂಬವರ ಆ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ತೀರ್ಮಾನಿಸಿತು. ಒಳಬಾಡಿಗೆಗೆ ಕೊಡಬಹುದೆಂದು ಅಲ್ಲಿ ಕರಾರೇ ಇತ್ತು. ಆದರೆ 1947ರ ಮುಂಬಯಿ ಬಾಡಿಗೆ ಕಾಯಿದೆಯು ಒಳಬಾಡಿಗೆ ಕೂಡದೆಂದಿತ್ತು. ಕಾನೂನು ಬೇಡವೆಂದದ್ದನ್ನು ಕರಾರು ಬೇಕೆಂದರೆ ನಡೆಯುವುದಿಲ್ಲವೆಂದು ನ್ಯಾಯಾಲಯವು ಹೇಳಿತು. ನಂಬಿ ಕುಳಿತಿದ್ದ ಒಳಬಾಡಿಗೆದಾರರ ಗತಿಯೇನು? ಮುಂಬಯಿ ಸರಕಾರವು ಅದೇ ವರ್ಷ ಸುಗ್ರೀವಾಜ್ಞೆ ಹೊರಡಿಸಿ, ಅಂದಿನವರೆಗೆ ಆಗಿದ್ದ ಒಳಬಾಡಿಗೆಗಳನ್ನು ಊರ್ಜಿತಗೊಳಿಸಬೇಕಾಯಿತು. ಅನಂತರವೂ ಆ ನಗರದಲ್ಲಿ ಪಗಡಿ ಎಂಬ ಮರೆಯ ವ್ಯವಹಾರ ನಿಲ್ಲಲಿಲ್ಲ. ಬಿಟ್ಟುಹೋಗುವ ಬಾಡಿಗೆದಾರನು ಬರುವವನಿಂದ ದೊಡ್ಡ ಮೊತ್ತವನ್ನು ಪಡೆಯುವುದು, ಒಪ್ಪಿಗೆ ಕೊಡಲು ಮಾಲೀಕನೂ ಅದರಲ್ಲಿ ಪಾಲು ಕೇಳುವುದು. ನಮ್ಮ ಕರಾವಳಿಯಿಂದ ಹೋಗಿ ಅಲ್ಲಿ ಹೋಟೆಲು ಇಟ್ಟವರಿಗೆ ಈ ಪದವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊನೆಗೆ 2000ದಲ್ಲಿ ಜಾರಿಗೆ ಬಂದ ಮಹಾರಾಷ್ಟ್ರದ ಕಾಯಿದೆಯು ಈ ಹಣವನ್ನು ಪಡೆಯುವುದು ನ್ಯಾಯಸಮ್ಮತವೆಂದೇ ಬರೆಯಿತು. ಐವತ್ತು ವರ್ಷ ತಡೆದು ನಿಲ್ಲಿಸಲಾಗದ ಹೊಳೆಗೆ ಕಾಲುವೆ ತೋಡಿದಂತಾಯಿತು.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಬಹಳ ಮಂದಿ ತಿಳಿಯದಿರುವ ಒಂದು ಸಂಗತಿಯುಂಟು. 1999ರ ಕಾಯಿದೆ ಎಲ್ಲ ಮನೆಗಳಿಗೂ ಅನ್ವಯಿಸಲೆಂದು ಮಾಡಿದ್ದಲ್ಲ. ಅದನ್ನು ರಚಿಸಿದಾಗ ಒಂದು ಗೆರೆ ಹಾಕಿದರು: ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಯನ್ನೂ ಇತರ ಕಡೆಗಳಲ್ಲಿ 2,000 ರೂಪಾಯಿಯನ್ನೂ ಮೀರಿದ ಕಟ್ಟಡಗಳು ಅದರ ಹೊರಗೆ. ಅಂದಿಗೆ ಅದು ಮಧ್ಯಮ ವರ್ಗವನ್ನು ಒಳಗೊಳ್ಳುವ ಗೆರೆ. ಇಂದು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆಯಾದರೂ ದೊರೆತರೆ ಅದೃಷ್ಟ. ಕಾಯಿದೆ ನಿಂತಲ್ಲಿಯೇ ನಿಂತಿತು, ಊರು ಅದನ್ನು ದಾಟಿ ಹೋಯಿತು. ಪರಿಣಾಮವಾಗಿ ಇಂದಿನ ಹೆಚ್ಚಿನ ಬಾಡಿಗೆಗಳಿಗೆ ಅನ್ವಯಿಸುವುದು 1882ರ ಹಳೆಯ ನ್ಯಾಯವೇ. ಅಂದರೆ ಎಲ್ಲವೂ ಕಾಗದದಲ್ಲಿ ಏನು ಬರೆದಿದೆ ಎಂಬುದನ್ನೇ ಅವಲಂಬಿಸಿದೆ. ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ, ಯಾರೂ ಓದದೆ ರುಜು ಹಾಕುವ ಆ ಎರಡು ಪುಟಗಳೇ ನಮ್ಮ ಶಾಸನ.

ಹೊಲದ ವಿಷಯ ಬೇರೆ. ಅಲ್ಲಿ ಉಳುವವನನ್ನೇ ಒಡೆಯನನ್ನಾಗಿ ಮಾಡಬೇಕೆಂಬ ಸಂಕಲ್ಪವಿದ್ದುದರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಗೇಣಿದಾರನು ಭೂಮಿಯನ್ನು ಒಳಗೇಣಿಗೆ ಕೊಡುವುದನ್ನಾಗಲಿ ಹಕ್ಕನ್ನು ವಹಿಸಿಕೊಡುವುದನ್ನಾಗಲಿ ಭೂಸುಧಾರಣಾ ಕಾಯಿದೆಯ 21ನೆಯ ಕಲಮು ಒಪ್ಪುವುದಿಲ್ಲ. ಜಮಖಂಡಿಯ ಭೂ ನ್ಯಾಯಮಂಡಲಿಯಿಂದ ಹೊರಟ ಒಂದು ಪ್ರಕರಣದಲ್ಲಿ, ಗೇಣಿಯ ಹಕ್ಕನ್ನು ಉಯಿಲಿನ ಮೂಲಕ ಕುಟುಂಬದ ಹೊರಗಿನವರಿಗೆ ದಾಟಿಸುವುದೂ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಹೇಳಿತು. ಬದುಕಿರುವಾಗ ಕೊಡಲಾಗದ್ದನ್ನು ಸತ್ತ ಮೇಲೂ ಕೊಡಲಾಗದು.

ಒಪ್ಪಿಗೆಯಿಲ್ಲದೆ ಕೊಡಬಾರದೆಂದು ಬರೆದದ್ದಾಯಿತು. ಆದರೆ 'ಕೊಡುವುದು' ಎಂದರೇನು? ನ್ಯಾಯಾಲಯಗಳು ಹೆಚ್ಚಾಗಿ ತಲೆ ಕೆಡಿಸಿಕೊಂಡಿರುವುದು ಇಲ್ಲಿಯೇ. ಊರಿನಿಂದ ಬಂದ ತಂಗಿಯ ಮಗನು ನಮ್ಮ ಮನೆಯಲ್ಲಿದ್ದು ಓದಿಕೊಂಡರೆ ಅದು ಒಳಬಾಡಿಗೆಯಲ್ಲ. ಮನೆ ನಮ್ಮ ಹತೋಟಿಯಲ್ಲಿಯೇ ಇರುತ್ತದೆ. ಒಬ್ಬನಿಗೆ ಬಳಸಲು ಅನುಮತಿ ಕೊಡುವುದು ಬೇರೆ, ಸ್ವಾಧೀನವನ್ನೇ ಒಪ್ಪಿಸುವುದು ಬೇರೆ. ಈ ಭೇದವನ್ನು ಕಾಗದದ ತಲೆಬರಹ ನೋಡಿ ಹೇಳಲಾಗುವುದಿಲ್ಲ. ದೆಹಲಿಯ ಹೋಟೆಲೊಂದರ ಒಳಗೆ ಕ್ಷೌರದ ವೃತ್ತಿ ನಡೆಸಲು ಕೊಟ್ಟಿದ್ದ ಜಾಗದ ಪತ್ರಕ್ಕೆ 'ಲೈಸೆನ್ಸು' ಎಂದು ಹೆಸರಿಟ್ಟಿದ್ದರು. 1959ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆಸರನ್ನು ಬದಿಗಿಟ್ಟು ತಿರುಳನ್ನು ನೋಡಿತು. ಅದು ಬಾಡಿಗೆಯೇ ಎಂದು ನಿರ್ಣಯಿಸಿತು. ಕಾವ್ಯಮೀಮಾಂಸೆಯನ್ನು ಪಾಠ ಹೇಳುವವನಿಗೆ ಈ ತೀರ್ಪು ಹಿತವಾಗಿ ಕೇಳಿಸುತ್ತದೆ. ಅಲ್ಲಿಯೂ ವಾಚ್ಯಾರ್ಥ ಬೇರೆ, ನಿಜವಾದ ಅರ್ಥ ಬೇರೆ.

ಒಳಬಾಡಿಗೆಯ ಸ್ವಭಾವವೇ ಗುಟ್ಟು. ಮಾಲೀಕನ ಕಣ್ಣೆದುರಿಗೆ ಯಾರೂ ಇದನ್ನು ಮಾಡುವುದಿಲ್ಲ. ಪಡೆದ ಹಣಕ್ಕೆ ರಸೀತಿ ಕೊಡುವುದಿಲ್ಲ. ಇದನ್ನು ಅರಿತೇ ಸರ್ವೋಚ್ಚ ನ್ಯಾಯಾಲಯವು 1998ರಲ್ಲಿ ಭಾರತ್ ಸೇಲ್ಸ್ ಪ್ರಕರಣದಲ್ಲಿ, ಹಣ ಕೈ ಬದಲಾಯಿಸಿದ್ದಕ್ಕೆ ನೇರವಾದ ಸಾಕ್ಷ್ಯವೇ ಬೇಕೆಂದೇನಿಲ್ಲ, ಸನ್ನಿವೇಶದಿಂದ ಊಹಿಸಬಹುದು ಎಂದಿತು. ನೋಡಬೇಕಾದದ್ದು ಒಂದೇ: ಬಾಡಿಗೆದಾರನು ಸ್ವಾಧೀನವನ್ನು ಬಿಟ್ಟುಕೊಟ್ಟಿದ್ದಾನೆಯೆ, ಬಂದವನು ಅದನ್ನು ತನ್ನದಾಗಿಯೇ ಹಿಡಿದಿದ್ದಾನೆಯೆ? ಅಂಗಡಿಗಳ ವಿಷಯದಲ್ಲಿ ಪಾಲುಗಾರಿಕೆಯ ಪತ್ರ ಒಂದು ಹಳೆಯ ಉಪಾಯ. ಬಾಡಿಗೆದಾರನು ಇನ್ನೊಬ್ಬನನ್ನು ಪಾಲುಗಾರನೆಂದು ಸೇರಿಸಿಕೊಂಡು ತಾನೂ ವ್ಯಾಪಾರದಲ್ಲಿ ನಿಜವಾಗಿ ತೊಡಗಿದ್ದರೆ ತಪ್ಪಿಲ್ಲ. ಪತ್ರವನ್ನು ಪರದೆಯಾಗಿ ಹಿಡಿದು ಹಿಂದಿನಿಂದ ಅಂಗಡಿಯನ್ನೇ ದಾಟಿಸಿದ್ದರೆ ನ್ಯಾಯಾಲಯವು ಪರದೆಯನ್ನು ಸರಿಸಿ ನೋಡಬಹುದೆಂದು 2004ರ ಪರ್ವಿಂದರ್ ಸಿಂಗ್ ಪ್ರಕರಣದ ತೀರ್ಪು ಹೇಳುತ್ತದೆ. ಎಲ್ಲ ಪಾಂಡಿತ್ಯವನ್ನೂ ಹಿಂಡಿದರೆ ಉಳಿಯುವ ಪ್ರಶ್ನೆ ಹಳ್ಳಿಯ ಅಜ್ಜಿ ಕೇಳುವಂಥದ್ದೇ: ಬೀಗದ ಕೈ ಯಾರ ಕೈಯಲ್ಲಿದೆ?

ಇಷ್ಟು ಹೊತ್ತು ಮಾತು ಇಬ್ಬರ ನಡುವೆ ನಡೆಯಿತು: ಮಾಲೀಕ, ಬಾಡಿಗೆದಾರ. ಕಾನೂನಿನ ಪುಸ್ತಕಗಳೂ ಸಾಮಾನ್ಯವಾಗಿ ಈ ಇಬ್ಬರನ್ನೇ ಎದುರು ಬದುರು ನಿಲ್ಲಿಸುತ್ತವೆ. ನನ್ನನ್ನು ಕಾಡುತ್ತಿರುವವನು ಮೂರನೆಯವನು. ಹಣ ಕೊಟ್ಟವನು ಅವನು. ಸಂಸಾರ ಹೂಡಿದವನು ಅವನು. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದವನು ಅವನು. ಆದರೆ ಅವನ ಹಕ್ಕೆಲ್ಲ ತನಗೆ ಕೊಟ್ಟವನ ಹಕ್ಕಿನ ನೆರಳು. ತನ್ನಲ್ಲಿ ಇಲ್ಲದ್ದನ್ನು ಯಾರೂ ಕೊಡಲಾರರು. ಬಾಡಿಗೆದಾರನ ಮೇಲೆ ಮಾಲೀಕನು ತೆರವಿನ ಡಿಕ್ರಿ ಪಡೆದರೆ ಅದು ಒಳಬಾಡಿಗೆದಾರನಿಗೂ ತಟ್ಟುತ್ತದೆ. ಮೋಸದಿಂದಲೋ ಒಳಸಂಚಿನಿಂದಲೋ ಪಡೆದ ಡಿಕ್ರಿಯಲ್ಲದಿದ್ದರೆ ಅವನನ್ನು ದಾವೆಯಲ್ಲಿ ಸೇರಿಸಬೇಕಾಗಿಯೂ ಇಲ್ಲವೆಂದು 1964ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ರೂಪಚಂದ್ ಗುಪ್ತ ಪ್ರಕರಣದಲ್ಲಿ ತೀರ್ಮಾನಿಸಿದೆ. ತನ್ನ ಮನೆ ಹೋಗುವ ಮೊಕದ್ದಮೆಯಲ್ಲಿ ತನ್ನ ಹೆಸರೇ ಇಲ್ಲದಿರಬಹುದು!

ನನ್ನ ವಿದ್ಯಾರ್ಥಿನಿಯ ತಂದೆಯ ಸ್ಥಿತಿ ಇನ್ನೂ ಕಠಿನ. ತಿಂಗಳ ಬಾಡಿಗೆಯ ಹಕ್ಕು ಮಾತ್ರ ಇದ್ದವನಿಂದ ಅವರು ಮೂರು ವರ್ಷದ ಭೋಗ್ಯವನ್ನು ಕೊಂಡರು. ಭೋಗ್ಯವನ್ನು ಆಧಾರವೆಂದು ಕರೆಯಬೇಕಾದರೆ ನೂರು ರೂಪಾಯಿಯಷ್ಟು ಸಾಲಕ್ಕೂ ನೋಂದಣಿಯಾದ ಪತ್ರ ಬೇಕು, ಇಬ್ಬರು ಸಾಕ್ಷಿಗಳ ರುಜು ಬೇಕು. ಒಂದು ವರ್ಷಕ್ಕೆ ಮೇಲ್ಪಟ್ಟ ಬಾಡಿಗೆ ಎಂದು ಕರೆಯಬೇಕಾದರೂ ನೋಂದಣಿ ಬೇಕು. ಇವರ ಕೈಯಲ್ಲಿದ್ದ ಕಾಗದಕ್ಕೆ ನೋಂದಣಿಯೇ ಇರಲಿಲ್ಲ. ಮಧ್ಯವರ್ತಿಯ ಮೇಲೆ ವಂಚನೆಯ ದೂರು ಕೊಡಬಹುದು. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು ಅದಕ್ಕಾಗಿಯೇ ಇದೆ. ಆದರೆ ಅಪರಾಧಿಗೆ ಶಿಕ್ಷೆಯಾಗುವುದು ಬೇರೆ, 8 ಲಕ್ಷ ಹಿಂದಕ್ಕೆ ಬರುವುದು ಬೇರೆ. ಅವರ ಪಾಲಿಗೆ ಇದ್ದ ಒಂದು ಸಣ್ಣ ಆಸರೆಯನ್ನೂ ಹೇಳಬೇಕು. ಮಾಲೀಕನಾದರೂ ಸಾಮಾನನ್ನು ಬೀದಿಗೆ ಎಸೆದು ಬೀಗ ಹಾಕುವಂತಿಲ್ಲ. ಕಾನೂನಿನ ಕ್ರಮವನ್ನು ಬಿಟ್ಟು ಬಲಾತ್ಕಾರದಿಂದ ಹೊರಹಾಕಿದರೆ, ಹಾಕಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮು ಅದಕ್ಕೆ ದಾರಿ ಮಾಡಿದೆ. ಆದರೆ ಅದು ಉಸಿರಾಡಲು ಸಿಕ್ಕ ಅವಕಾಶ, ನೆಲೆ ಅಲ್ಲ.

ಆದುದರಿಂದ ಮಾಲೀಕನ ಲಿಖಿತ ಒಪ್ಪಿಗೆ ಎಂಬುದನ್ನು ನಾನು ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ. ಅದು ಮಾಲೀಕನ ಅಭಿಮಾನಕ್ಕೆ ಸಲ್ಲಿಸುವ ಕಾಣಿಕೆಯೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅದು ಮೂರನೆಯವನಿಗೆ ತೆರೆಯುವ ಬಾಗಿಲು. ಒಪ್ಪಿಗೆಯ ಕಾಗದದಲ್ಲಿ ಅವನ ಹೆಸರು ಬರುವ ತನಕ ಅವನು ಆ ಮನೆಯಲ್ಲಿ ಇದ್ದೂ ಇಲ್ಲದವನು.

ಹಾಗಾದರೆ ಎಲ್ಲರೂ ಒಪ್ಪಿಗೆ ಕೇಳಿಬಿಟ್ಟರೆ ಸಮಸ್ಯೆ ತೀರಿತೆ? ಇಲ್ಲಿ ನನ್ನ ಹಾಸನದ ಕಥೆಯ ಉಳಿದ ಭಾಗವನ್ನು ಹೇಳಬೇಕು. ನಾನು ಮಾಲೀಕರಿಗೆ ಹೇಳದೆ ಹೊರಟದ್ದು ಮರೆವಿನಿಂದಲ್ಲ. ಅವರು ನನಗೆ ಮನೆ ಕೊಡುವಾಗ ಸಂಬಳವೆಷ್ಟೆಂದು ಕೇಳುವ ಮುಂಚೆ, "ತಾವು ಯಾವ ಜನ?" ಎಂದು ಕೇಳಿದ್ದರು. ನನ್ನ ಉತ್ತರ ಅವರಿಗೆ ಒಪ್ಪಿಗೆಯಾಯಿತು. ಆ ತರುಣರ ಉತ್ತರ ಒಪ್ಪಿಗೆಯಾಗದೆಂದು ನನಗೆ ತಿಳಿದಿತ್ತು. ಅದಕ್ಕೇ ಅವರು ಊರೆಲ್ಲ ಸುತ್ತಿ ಮನೆ ಸಿಗದೆ ಬಂದಿದ್ದರು. ಕೇಳಿದರೆ ಇಲ್ಲವೆನ್ನುತ್ತಾರೆ, ಕೇಳದಿದ್ದರೆ ಹೇಗೋ ನಡೆಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಎರಡು ತಿಂಗಳಾದ ಮೇಲೆ ಮಾಲೀಕರಿಗೆ ತಿಳಿಯಿತು. ನನಗೆ ಫೋನು ಮಾಡಿ, "ಮೇಷ್ಟ್ರೇ, ನಿಮ್ಮನ್ನು ನಂಬಿದ್ದೆ" ಎಂದಷ್ಟೇ ಅಂದರು. ಆ ತರುಣರ ಕೈಯಲ್ಲಿ ಒಂದು ಚೂರು ಕಾಗದವಿರಲಿಲ್ಲ. ವಾರದೊಳಗೆ ಮನೆ ಬಿಟ್ಟರು. ನಾನು ಧೈರ್ಯವಾಗಿ ಮಾಲೀಕರ ಎದುರಿಗೆ ನಿಂತು ಆಡಬೇಕಾಗಿದ್ದ ಮಾತನ್ನು ನುಂಗಿಕೊಂಡು, ಅದರ ದಂಡವನ್ನು ಅವರಿಂದ ತೆರಿಸಿದೆ. ಉಪಕಾರವೆಂದುಕೊಂಡದ್ದು ಹೀಗೆ ಕೊನೆಗಂಡಿತು.

ಒಪ್ಪಿಗೆಯ ಹಕ್ಕಿಗೆ ಇಂಥ ಕತ್ತಲೆಯ ಮುಖವೊಂದಿದೆ ಎಂಬುದನ್ನು ಮರೆಯಬಾರದು. ಮನೆಯನ್ನು ಕೆಡಿಸುವವನೆ, ಬಾಡಿಗೆ ಸಲ್ಲಿಸಬಲ್ಲವನೆ, ಮನೆಯಲ್ಲಿ ಕಾನೂನುಬಾಹಿರವಾದುದನ್ನು ಮಾಡುವವನೆ ಎಂದು ವಿಚಾರಿಸುವುದು ಮಾಲೀಕನ ನ್ಯಾಯವಾದ ಹಕ್ಕು. ಹುಟ್ಟನ್ನೂ ಊಟವನ್ನೂ ವಿಚಾರಿಸುವುದು ಆ ಹಕ್ಕಿನ ವೇಷ ತೊಟ್ಟ ಬೇರೊಂದು ವಸ್ತು. ಒಳಬಾಡಿಗೆಯ ಗುಟ್ಟಿನ ಹಿಂದೆ ಎಲ್ಲ ಕಡೆಯೂ ಲಾಭದಾಸೆಯೇ ಇರುವುದಿಲ್ಲ. ಕೆಲವು ಕಡೆ ಮುಂಬಾಗಿಲಿನಿಂದ ಒಳಗೆ ಬಿಡದ ನಮ್ಮ ಸಮಾಜವೂ ಇರುತ್ತದೆ. ಕಾನೂನು ಹಿಂಬಾಗಿಲನ್ನು ಮಾತ್ರ ಮುಚ್ಚಿದರೆ ಸಾಲದು.

ಕೇಂದ್ರ ಸರಕಾರವು 2021ರಲ್ಲಿ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಸಿದ್ಧಪಡಿಸಿ ರಾಜ್ಯಗಳ ಮುಂದಿಟ್ಟಿತು. ಅದು ಮಾದರಿ ಮಾತ್ರ. ಆಯಾ ರಾಜ್ಯ ಅಳವಡಿಸಿಕೊಂಡಲ್ಲಿ ಮಾತ್ರ ಅದಕ್ಕೆ ಜೀವ. ಅದರ 7ನೆಯ ಕಲಮು ನನಗೆ ವಿಚಾರಯೋಗ್ಯವಾಗಿ ಕಂಡಿತು. ಒಳಬಾಡಿಗೆಗೆ ಕೊಡಬೇಕಾದರೆ ಮೂಲ ಕರಾರಿಗೆ ಪೂರಕವಾಗಿ ಮತ್ತೊಂದು ಕರಾರು ಆಗಬೇಕು; ಮಾಲೀಕನೂ ಬಾಡಿಗೆದಾರನೂ ಜೊತೆಯಾಗಿ ಎರಡು ತಿಂಗಳೊಳಗೆ ಅದನ್ನು ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಇದರ ಗುಣವೆಂದರೆ, ಒಪ್ಪಿಗೆ ಇಬ್ಬರ ನಡುವಣ ಪಿಸುಮಾತಾಗಿ ಉಳಿಯದೆ ಮೂರನೆಯವನು ಹೋಗಿ ನೋಡಬಹುದಾದ ದಾಖಲೆಯಾಗುತ್ತದೆ. ಮಾಲೀಕನು ಸಕಾರಣವಿಲ್ಲದೆ ನಿರಾಕರಿಸಬಾರದೆಂಬ ಒಂದು ಮಾತು ಅದರ ಜೊತೆಗೆ ಸೇರಿದರೆ ನ್ಯಾಯ ಎರಡು ಕಾಲಿನ ಮೇಲೆ ನಿಂತೀತು.

ಆ ಹುಡುಗಿಯ ಮನೆಯವರನ್ನು ನಾನು ಪರಿಚಯದ ವಕೀಲರೊಬ್ಬರ ಬಳಿಗೆ ಕಳುಹಿಸಿದೆ. ದೂರು ದಾಖಲಾಯಿತು. ಮಾಲೀಕರು ಯೋಚಿಸಿ, ಆ ದಿನದಿಂದ ಅವರನ್ನೇ ನೇರವಾಗಿ ತಿಂಗಳ ಬಾಡಿಗೆಗೆ ಇಟ್ಟುಕೊಳ್ಳಲು ಒಪ್ಪಿದರು. ಹೊಸ ಕರಾರನ್ನು ಬರೆಯುವಾಗ ಭಾಷೆ ನೋಡಿಕೊಡಬೇಕೆಂದು ನನ್ನನ್ನೂ ಕರೆದಿದ್ದರು. 'ಒಳಬಾಡಿಗೆಗೆ ಕೊಡತಕ್ಕದ್ದಲ್ಲ' ಎಂಬ ಸಾಲು ಅದರಲ್ಲಿಯೂ ಇತ್ತು, ಇರಬೇಕಾದ್ದೇ. ಅದರ ಕೆಳಗೆ, ಬಾಡಿಗೆದಾರರು ಬರವಣಿಗೆಯಲ್ಲಿ ಕೇಳಿದಲ್ಲಿ ಸಕಾರಣವಿಲ್ಲದೆ ಒಪ್ಪಿಗೆಯನ್ನು ನಿರಾಕರಿಸತಕ್ಕದ್ದಲ್ಲ ಎಂದು ಇನ್ನೊಂದು ಸಾಲು ಸೇರಿಸಬಹುದೆ ಎಂದು ಕೇಳಿದೆ. ಮಾಲೀಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಕಾರಣ ಅಂದರೆ ಯಾವುದು ಮೇಷ್ಟ್ರೇ?"

"ಬಾಡಿಗೆ ಕೊಡಲಾರದವನು, ಮನೆ ಕೆಡಿಸುವವನು. ಅಷ್ಟೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ರುಜು ಹಾಕಿದರು. ಹಾಸನದಲ್ಲಿ ಆಡಬೇಕಾಗಿದ್ದ ಮಾತು ಇಷ್ಟು ವರ್ಷ ತಡವಾಗಿ, ಬೇರೆ ಊರಿನಲ್ಲಿ, ಬೇರೆಯವರ ಮುಂದೆ ಬಂದಿತು. ಆ 8 ಲಕ್ಷ ರೂಪಾಯಿ ಮಾತ್ರ ಇನ್ನೂ ಬಂದಿಲ್ಲ.